ಒಂದೇ ರಾಶಿ, ಎರಡು ಯಂತ್ರ: ಸೌದೆ ಸೀಳಲು ಫ್ಲೈವೀಲೋ, ಹೈಡ್ರಾಲಿಕ್ಕೋ?

ಸೌದೆ ಸೀಳುವ ಯಂತ್ರ ಕೊಳ್ಳಲು ಹೊರಟ ಇಬ್ಬರ ಪ್ರಕರಣ ಇದು. ಒಬ್ಬರು ನನ್ನ ಹಳೆಯ ಗೆಳೆಯ. ಇನ್ನೊಬ್ಬ ಅವರ ಹೆಂಡತಿಯ ತಮ್ಮ. ಇಲ್ಲಿ ಅವರನ್ನು ಭಾವ, ಮೈದುನ ಎಂದೇ ಕರೆಯುತ್ತೇನೆ. ಇಬ್ಬರೂ ಸೇರಿ ಸೌದೆ ಸೀಳಿ, ಒಣಗಿಸಿ ಮಾರುತ್ತಾರೆ. ಯಂತ್ರ ಬರುವ ತನಕ ಎಲ್ಲವೂ ಕೊಡಲಿ, ಕಬ್ಬಿಣದ ಬೆಣೆ, ದೊಡ್ಡ ಸುತ್ತಿಗೆಯಲ್ಲೇ ನಡೆಯುತ್ತಿತ್ತು. ಭಾವನಿಗೆ ಸೊಂಟನೋವು ಶುರುವಾಯಿತು. ಆಗ ಯಂತ್ರದ ಮಾತು ಬಂತು.

ಮೈದುನನ ಮನಸ್ಸಿನಲ್ಲಿ ತೀರ್ಮಾನ ಮೊದಲೇ ಆಗಿಹೋಗಿತ್ತು. ಅವನಿಗೆ ಕೈನೆಟಿಕ್ ಯಂತ್ರವೇ ಬೇಕು, ಅಂದರೆ ಫ್ಲೈವೀಲ್ ಎಂಬ ತಿರುಗುವ ಭಾರದ ಚಕ್ರ ಇರುವುದು. ಇನ್ನೊಂದು ಬಗೆ ಹೈಡ್ರಾಲಿಕ್, ಆಯಿಲ್ ಒತ್ತಡದಿಂದ ಓಡುವುದು. "ಭಾವ, ವಿಡಿಯೊ ನೋಡಿ. ಎರಡು ಸೆಕೆಂಡಿಗೆ ಒಂದು ದಿಮ್ಮಿ. ಹೈಡ್ರಾಲಿಕ್ ನೋಡ್ತಾ ಕೂತರೆ ನಿದ್ದೆ ಬರುತ್ತೆ" ಎಂದ. ಭಾವನದು ಒಂದೇ ಪ್ರಶ್ನೆ: "ಗಂಟು ತುಂಬಿದ ದಿಮ್ಮಿ ಇಟ್ಟು ತೋರಿಸಿದ ವಿಡಿಯೊ ಒಂದಾದರೂ ನೋಡಿದ್ದೀಯೇನೋ?" ಯಂತ್ರಗಳ ರಿಪೇರಿಯಲ್ಲಿ ನನ್ನ ಕೈ ಪಳಗಿದೆ. ಹಾಗಾಗಿ ಪಂಚಾಯಿತಿ ನನ್ನ ತಲೆಗೆ ಬಂತು. ಎರಡೂ ಬಗೆಯ ಯಂತ್ರ ಬಾಡಿಗೆಗೆ ತಂದು, ಅವರದೇ ರಾಶಿಯ ಮೇಲೆ ಓಡಿಸಿ ನೋಡೋಣ ಎಂದೆ. ಬೇರೆಯವರ ರಾಶಿಯ ಮೇಲೆ ಓಡಿದ ಯಂತ್ರ ನೋಡಿ ತೀರ್ಮಾನ ಮಾಡುವುದರಲ್ಲಿ ನನಗೆ ನಂಬಿಕೆ ಇಲ್ಲ.

ರಾಶಿಯಲ್ಲಿ ಏನಿತ್ತು

ಯಂತ್ರಕ್ಕಿಂತ ಮೊದಲು ಮರ ನೋಡಬೇಕು. ಮುಕ್ಕಾಲು ಪಾಲು ನೆಟ್ಟಗೆ ಬೆಳೆದ ಕಾಂಡಗಳು. ದಪ್ಪ 20ರಿಂದ 30 ಸೆಂಟಿಮೀಟರ್, 40 ಸೆಂಟಿಮೀಟರ್ ಉದ್ದಕ್ಕೆ ತುಂಡು ಮಾಡಿದ್ದು, ಇನ್ನೂ ಹಸಿ. ಉಳಿದ ಕಾಲು ಭಾಗವೇ ತಲೆನೋವು: ಕೊಂಬೆ ಕವಲೊಡೆದ ಜಾಗದ ತುಂಡುಗಳು, ಬುಡದ ಕೊರಡುಗಳು, ಎಳೆ ತಿರುಚಿಕೊಂಡು ಬೆಳೆದ ಮುದಿ ಮರದ ದಿಮ್ಮಿಗಳು. ಕೆಲವು ಅರ್ಧ ಮೀಟರ್ ದಪ್ಪ ಇದ್ದವು. 50 ಸೆಂಟಿಮೀಟರ್ ದಪ್ಪ, 40 ಸೆಂಟಿಮೀಟರ್ ಉದ್ದದ ಹಸಿ ದಿಮ್ಮಿ ಮರದ ಜಾತಿ ನೋಡಿಕೊಂಡು 70-80 ಕಿಲೊ ತೂಗಬಲ್ಲದು. ಸೊಂಟನೋವಿನವರು ಎತ್ತುವಂಥದ್ದಲ್ಲ.

ಮರ ಸೀಳುವುದು ಏಕೆ ಸುಲಭ, ಏಕೆ ಕಷ್ಟ ಎಂಬುದು ಇಲ್ಲೇ ಇದೆ. ಮರದ ಎಳೆಗಳು ಕಾಂಡದ ಉದ್ದಕ್ಕೆ ಓಡುತ್ತವೆ. ಎಳೆಯನ್ನು ಅಡ್ಡಕ್ಕೆ ಕತ್ತರಿಸಲು ತುಂಬಾ ಬಲ ಬೇಕು. ಎಳೆಗಳನ್ನು ಒಂದರಿಂದ ಒಂದು ಬಿಡಿಸಲು ಸ್ವಲ್ಪ ಸಾಕು. ಬೆಣೆ ಮಾಡುವುದು ಈ ಬಿಡಿಸುವ ಕೆಲಸವನ್ನೇ. ನೆಟ್ಟಗಿನ ಮರದಲ್ಲಿ ಬಲ ಬೇಕಾಗುವುದು ಮೊದಲ ಕೆಲವು ಸೆಂಟಿಮೀಟರಿನಲ್ಲಿ, ಬಿರುಕು ಹುಟ್ಟುವ ತನಕ ಮಾತ್ರ. ಒಮ್ಮೆ ಬಿರುಕು ಬಿಟ್ಟಿತೋ, ಅದು ಬೆಣೆಗಿಂತ ಮುಂದೆ ಓಡುತ್ತದೆ, ಬೆಣೆ ಸುಮ್ನೆ ಹಿಂದೆ ಹೋಗುತ್ತದೆ. ಗಂಟು ಅಂದರೆ ಕಾಂಡದೊಳಗೆ ಹೂತುಹೋದ ಕೊಂಬೆಯ ಬುಡ. ಅಲ್ಲಿ ಎಳೆಗಳು ಅಡ್ಡ ಬರುತ್ತವೆ. ಬಿರುಕು ಅಲ್ಲಿಗೆ ಬಂದು ನಿಲ್ಲುತ್ತದೆ. ಬೆಣೆ ಅಡ್ಡ ಎಳೆಗಳನ್ನು ಕತ್ತರಿಸಿಕೊಂಡೇ ಹೋಗಬೇಕು. ತಿರುಚಿದ ಎಳೆಯ ಮರದಲ್ಲಂತೂ ಈ ಕಷ್ಟ ಈ ತುದಿಯಿಂದ ಆ ತುದಿಯವರೆಗೆ ಇರುತ್ತದೆ.

ಹಸಿ, ಒಣ ಎಂಬ ವ್ಯತ್ಯಾಸವೂ ಇದೆ. ನೀಲಗಿರಿಯಂಥ ಮರವನ್ನು ಹಸಿ ಇರುವಾಗಲೇ ಸೀಳಿಬಿಡಬೇಕು. ಒಣಗಿದರೆ ಬಿಗಿದುಕೊಳ್ಳುತ್ತದೆ. ಎಲ್ಮ್ ಎಂಬ ಮರ ನಾರು ಬಿಡದೆ ಹಟ ಹಿಡಿಯುವುದಕ್ಕೇ ಹೆಸರುವಾಸಿ. ಎರಡು ಹೋಳಾದಂತೆ ಕಂಡರೂ ನಡುವೆ ನಾರಿನ ಎಳೆಗಳು ಎಳೆದುಕೊಂಡೇ ಇರುತ್ತವೆ. ಯಂತ್ರದ ಬಗ್ಗೆ ಯಾರಾದರೂ ಹೊಗಳಿದರೆ ಅಥವಾ ತೆಗಳಿದರೆ, ಯಾವ ಮರ ಸೀಳುತ್ತಿದ್ದರು ಎಂದು ಮೊದಲು ಕೇಳಿಬಿಡಿ.

ಎರಡು ಯಂತ್ರಗಳ ಹೊಟ್ಟೆಯೊಳಗೆ

ಹೈಡ್ರಾಲಿಕ್ ಯಂತ್ರದಲ್ಲಿ ಎಂಜಿನ್ ಒಂದು ಪಂಪ್ ತಿರುಗಿಸುತ್ತದೆ. ಪಂಪ್ ಆಯಿಲನ್ನು ಸಿಲಿಂಡರಿಗೆ ತಳ್ಳುತ್ತದೆ. ಸಿಲಿಂಡರಿನ ರಾಡ್ ಮುಂದೆ ಬಂದು ತನ್ನ ತುದಿಯ ಬೆಣೆಯನ್ನು ದಿಮ್ಮಿಗೆ ಒತ್ತುತ್ತದೆ. ಬಾಡಿಗೆಗೆ ತಂದ ಯಂತ್ರದ ಸಿಲಿಂಡರಿಗೆ 100 ಮಿಲಿಮೀಟರ್ ಒಳವ್ಯಾಸ, 60 ಸೆಂಟಿಮೀಟರ್ ಓಟ. ಗರಿಷ್ಠ ಒತ್ತಡ 210 ಬಾರ್. ಒಂದು ಬಾರ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ ಬಲ. ಲೆಕ್ಕ ಸರಳ. ಪಿಸ್ಟನ್ನಿನ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಅದನ್ನು ಒತ್ತಡದಿಂದ ಗುಣಿಸಿದರೆ ಹತ್ತಿರಹತ್ತಿರ 17 ಟನ್ ಬಲ ಬರುತ್ತದೆ. ಸ್ಟಿಕ್ಕರ್ ಮೇಲೆ ಮಾತ್ರ 20 ಟನ್ ಎಂದಿತ್ತು. ಈ ಧಾರಾಳತನ ಅಪರೂಪವೇನಲ್ಲ. ಅಂಗಡಿಗೆ ಹೋಗುವಾಗ ಸಿಲಿಂಡರಿನ ಒಳವ್ಯಾಸ ಮತ್ತು ವಾಲ್ವಿನ ಒತ್ತಡ ಎಷ್ಟು ಎಂದು ಕೇಳಿ, ಟನ್ ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಇದರ ಪಂಪ್ ಎರಡು ಹಂತದ್ದು. ಒತ್ತಡ ಕಡಿಮೆ ಇರುವಾಗ ನಿಮಿಷಕ್ಕೆ 40 ಲೀಟರ್ ಆಯಿಲ್ ತಳ್ಳುತ್ತದೆ, ಬೆಣೆ ಬೇಗ ಓಡುತ್ತದೆ. ಒತ್ತಡ ಸುಮಾರು 40 ಬಾರ್ ದಾಟಿದಾಗ ತಾನಾಗಿಯೇ ಎರಡನೇ ಹಂತಕ್ಕೆ ಬದಲಾಗಿ ನಿಮಿಷಕ್ಕೆ 10 ಲೀಟರಿಗೆ ಇಳಿಯುತ್ತದೆ. ಬೆಣೆ ನಿಧಾನವಾಗುತ್ತದೆ, ಬಲ ಪೂರ್ತಿ ಸಿಗುತ್ತದೆ. ಹೀಗೇಕೆ ಅಂದರೆ, 40 ಲೀಟರನ್ನೂ 210 ಬಾರ್ ಒತ್ತಡದಲ್ಲಿ ತಳ್ಳಲು 14 ಕಿಲೊವ್ಯಾಟ್ ಬೇಕು. ಚಿಕ್ಕ ಎಂಜಿನ್ನಿಗೆ ಅದು ಸಾಧ್ಯವಿಲ್ಲ. ಎರಡು ಹಂತ ಮಾಡಿದರೆ 5 ಕಿಲೊವ್ಯಾಟ್ ಎಂಜಿನ್ನಿನಲ್ಲೇ ಕೆಲಸ ಆಗುತ್ತದೆ.

ಫ್ಲೈವೀಲ್ ಯಂತ್ರದಲ್ಲಿ ಆಯಿಲ್ ಇಲ್ಲ, ಪಂಪ್ ಇಲ್ಲ. ಎಂಜಿನ್ ಬೆಲ್ಟಿನ ಮೂಲಕ ಭಾರದ ಚಕ್ರಗಳನ್ನು ತಿರುಗಿಸುತ್ತಲೇ ಇರುತ್ತದೆ. ಲಿವರ್ ಒತ್ತಿದರೆ ಹಲ್ಲಿನ ಪಟ್ಟಿಯೊಂದು, ಅಂದರೆ ರ‍್ಯಾಕ್, ತಿರುಗುವ ಪಿನಿಯನ್ ಗೇರಿಗೆ ಕಚ್ಚಿಕೊಳ್ಳುತ್ತದೆ. ಚಕ್ರದಲ್ಲಿ ಕೂಡಿಟ್ಟ ಶಕ್ತಿ ಒಂದೇ ಏಟಿಗೆ ದಿಮ್ಮಿಗೆ ಹೋಗುತ್ತದೆ. ಲಿವರ್ ಬಿಟ್ಟರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೋಗಿ ಬರಲು ಎರಡು ಮೂರು ಸೆಕೆಂಡು.

ಇದರ ಬಲವನ್ನು ಟನ್ನಿನಲ್ಲಿ ಹೇಳುವುದು ದಾರಿ ತಪ್ಪಿಸುತ್ತದೆ. ನಾವು ತಂದ ಯಂತ್ರದಲ್ಲಿ 35 ಕಿಲೊದ ಎರಡು ಚಕ್ರ, ವ್ಯಾಸ ಅರ್ಧ ಮೀಟರ್, ನಿಮಿಷಕ್ಕೆ 350 ಸುತ್ತು. ಗಟ್ಟಿ ತಟ್ಟೆ ಎಂದುಕೊಂಡು ಲೆಕ್ಕ ಹಾಕಿದರೆ ಅದರಲ್ಲಿರುವ ಶಕ್ತಿ ಸುಮಾರು 1,500 ಜೂಲ್. ಮೂರೂವರೆ ಕಿಲೊದ ಸೀಳುಗೊಡಲಿಯನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬೀಸಿದರೆ 175 ಜೂಲ್ ಸಿಗುತ್ತದೆ. ಅಂದರೆ ಎಂಟು ಒಳ್ಳೆಯ ಏಟು ಒಟ್ಟಿಗೇ ಬಿದ್ದ ಹಾಗೆ. ಕಡಿಮೆ ಏನಲ್ಲ. ಆದರೆ ಈ 1,500 ಜೂಲನ್ನು ಮರ ಹೇಗೆ ಖರ್ಚು ಮಾಡಿಸುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಬಿರುಕು 1 ಸೆಂಟಿಮೀಟರಿನಲ್ಲೇ ಹುಟ್ಟಿಬಿಟ್ಟರೆ ಸರಾಸರಿ 15 ಟನ್ ಬಲ ಕೊಟ್ಟಂತಾಯಿತು. ಬೆಣೆ ಎಳೆ ಕತ್ತರಿಸುತ್ತಾ 10 ಸೆಂಟಿಮೀಟರ್ ಹೋಗಬೇಕಾದರೆ ಅದೇ ಶಕ್ತಿಯಿಂದ ಸಿಗುವ ಸರಾಸರಿ ಬಲ ಒಂದೂವರೆ ಟನ್ ಮಾತ್ರ. ಹೈಡ್ರಾಲಿಕ್ ಯಂತ್ರಕ್ಕೆ ಈ ಖಜಾನೆ ಖಾಲಿಯಾಗುವ ಭಯ ಇಲ್ಲ. ಬೇಕಾದರೆ 60 ಸೆಂಟಿಮೀಟರ್ ಉದ್ದಕ್ಕೂ 17 ಟನ್ ಒತ್ತುತ್ತದೆ. ಲೆಕ್ಕಕ್ಕೆ ಅದು ಸುಮಾರು 1 ಲಕ್ಷ ಜೂಲ್ ಆಯಿತು, ಫ್ಲೈವೀಲಿನ ಒಂದು ಏಟಿಗಿಂತ 60 ಪಟ್ಟಿಗೂ ಜಾಸ್ತಿ. ಬೆಲೆ ತೆರುವುದು ಸಮಯದಲ್ಲಿ.

ಮೈದುನ ಈ ಲೆಕ್ಕ ಕೇಳಿ, "ಹಾಗಾದರೆ ಎರಡು ಸಲ ಹೊಡೆದರಾಯಿತು" ಎಂದ. ತಪ್ಪಲ್ಲ. ಚಕ್ರ ಒಂದೆರಡು ಸೆಕೆಂಡಿನಲ್ಲಿ ಮತ್ತೆ ವೇಗ ಹಿಡಿಯುತ್ತದೆ, ಎರಡನೇ ಏಟು ಕೊಡಬಹುದು. ಆ ಎರಡನೇ ಏಟಿನ ಕಥೆ ಮುಂದೆ ಬರುತ್ತದೆ.

ನೆಟ್ಟಗಿನ ದಿಮ್ಮಿ

ಮೊದಲು ಫ್ಲೈವೀಲ್ ಯಂತ್ರಕ್ಕೆ ನೆಟ್ಟಗಿನ ದಿಮ್ಮಿ ಕೊಟ್ಟೆವು. ಮೈದುನನ ಮುಖ ಅರಳಿತು. ದಿಮ್ಮಿ ಇಡುವುದಷ್ಟೇ ತಡ, ಟಪ್ ಎಂದು ಎರಡು ಹೋಳು. ತಿರುಗಿಸಿ ಇಟ್ಟರೆ ನಾಲ್ಕು. ಎಂಜಿನ್ ಸದ್ದು ಕೂಡ ಹೈಡ್ರಾಲಿಕ್ಕಿನಷ್ಟು ಕಿವಿ ಕೊರೆಯಲಿಲ್ಲ. ಈ ಬಗೆಯ ಮರಕ್ಕೆ ಇದಕ್ಕಿಂತ ಖುಷಿ ಕೊಡುವ ಯಂತ್ರ ಇಲ್ಲ ಎಂದು ನಾನೂ ಒಪ್ಪುತ್ತೇನೆ.

ಆಮೇಲೆ ಹೈಡ್ರಾಲಿಕ್ ತಂದೆವು. ಮೊದಲು ಎಲ್ಲರೂ ಓಡಿಸುವ ಹಾಗೇ ಓಡಿಸಿದರು. ಲಿವರ್ ಒತ್ತಿ, ಬೆಣೆ ತುದಿಯವರೆಗೆ ಹೋಗಲು ಬಿಟ್ಟು, ಮತ್ತೆ ಪೂರ್ತಿ ಹಿಂದೆ ಬರುವ ತನಕ ಕಾಯುವುದು. 60 ಸೆಂಟಿಮೀಟರ್ ಮುಂದೆ ಹೋಗಲು 4.7 ಲೀಟರ್ ಆಯಿಲ್ ಬೇಕು, ಅಂದರೆ 7 ಸೆಕೆಂಡು. ಹಿಂದೆ ಬರುವಾಗ ಸಿಲಿಂಡರಿನೊಳಗೆ ರಾಡ್ ಕೂಡ ಜಾಗ ಹಿಡಿದಿರುವುದರಿಂದ ಆಯಿಲ್ ಕಡಿಮೆ ಸಾಕು, 5 ಸೆಕೆಂಡಿನ ಮೇಲೆ ಚೂರು. ಒಟ್ಟು 12 ಸೆಕೆಂಡು. ಎರಡೂವರೆ ಸೆಕೆಂಡಿನ ಮುಂದೆ 12! ಮೈದುನ ಗೆದ್ದೆ ಎಂದುಕೊಂಡ.

ಆದರೆ ದಿಮ್ಮಿಯ ಉದ್ದ 40 ಸೆಂಟಿಮೀಟರ್. ರಾಡ್ ಪೂರ್ತಿ ಹಿಂದೆ ಹೋದರೆ 20 ಸೆಂಟಿಮೀಟರ್ ಬರೀ ಗಾಳಿಯಲ್ಲಿ ಓಡಾಟ. ಜೊತೆಗೆ, ನೆಟ್ಟಗಿನ ದಿಮ್ಮಿ ಬೆಣೆ ಒಂದು ಗೇಣು ಒಳಗೆ ಹೋಗುವಷ್ಟರಲ್ಲಿ ಬಾಯಿ ಬಿಟ್ಟಿರುತ್ತದೆ. ಆಮೇಲೂ ತುದಿಯವರೆಗೆ ತಳ್ಳುವುದು ಯಾಕೆ? ದಿಮ್ಮಿ ಬಿಟ್ಟುಕೊಂಡ ತಕ್ಷಣ ಲಿವರ್ ಹಿಂದೆ, ಮುಂದಿನ ದಿಮ್ಮಿಗೆ ಜಾಗವಾದ ತಕ್ಷಣ ಮತ್ತೆ ನಿಲ್ಲಿಸು ಎಂದು ಭಾವನಿಗೆ ಹೇಳಿಕೊಟ್ಟೆ. ಹಾಗೆ ಮಾಡಿದರೆ ಬೆಣೆಯ ಓಡಾಟ ಸುಮಾರು 20 ಸೆಂಟಿಮೀಟರಿಗೆ ಇಳಿಯುತ್ತದೆ. ಹೋಗಲು ಎರಡೂಕಾಲು ಎರಡೂವರೆ ಸೆಕೆಂಡು, ಬರಲು ಎರಡಕ್ಕಿಂತ ಕಡಿಮೆ. 12 ಸೆಕೆಂಡಿನ ಯಂತ್ರ 4-5 ಸೆಕೆಂಡಿನ ಯಂತ್ರವಾಯಿತು. ಎಷ್ಟೋ ಯಂತ್ರಗಳ ವಾಲ್ವಿನಲ್ಲಿ ಹಿಂದೆ ಬರುವಾಗ ಲಿವರ್ ತಾನೇ ಸಿಕ್ಕಿಕೊಂಡು, ಪೂರ್ತಿ ಹಿಂದೆ ಬಂದ ಮೇಲೆ ಬಿಡುವ ಏರ್ಪಾಡು ಇರುತ್ತದೆ. ಕೈಯಿಂದ ತಟ್ಟಿ ಅದನ್ನು ನಡುವೆಯೇ ಬಿಡಿಸಬಹುದು. ರೂಢಿಯಾಗಲು ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಇನ್ನೊಂದು ವಿಷಯ ಎಲ್ಲರ ಕಣ್ಣಿಗೂ ಕಾಣುತ್ತದೆ, ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಬೆಣೆ ಓಡುವುದು ಕೆಲಸದ ಒಂದು ಚಿಕ್ಕ ಪಾಲು. ದಿಮ್ಮಿ ಉರುಳಿಸಿ ತರಬೇಕು, ಎತ್ತಿ ಇಡಬೇಕು, ಬಿದ್ದ ಅರ್ಧವನ್ನು ಬಗ್ಗಿ ಎತ್ತಿ ಮತ್ತೆ ಇಡಬೇಕು, ಹೋಳನ್ನು ಎಸೆಯಬೇಕು, ಕಾಲಡಿಯ ಸಿಬಿರು ಗುಡಿಸಬೇಕು. ಯಂತ್ರ ಎಷ್ಟೇ ಬೇಗ ಇದ್ದರೂ ಈ ಸಮಯ ಕಡಿಮೆ ಆಗುವುದಿಲ್ಲ. ನೆಟ್ಟಗಿನ ಮರದಲ್ಲಿ ಫ್ಲೈವೀಲ್ ಯಂತ್ರ ಮುಂದಿತ್ತು, ಅನುಮಾನವಿಲ್ಲ. ಆದರೆ ಹೊತ್ತು ಮುಳುಗುವಾಗ ಎರಡು ದಿನದ ಒಟ್ಟಲು ನೋಡಿದರೆ ವ್ಯತ್ಯಾಸ ಒಂದೂವರೆ ಪಟ್ಟಿನ ಆಸುಪಾಸು. ವಿಡಿಯೊ ನೋಡಿ ಮೈದುನ ಎಣಿಸಿದ್ದ ಐದಾರು ಪಟ್ಟು ಎಲ್ಲೂ ಇರಲಿಲ್ಲ. ದಿಮ್ಮಿಗಳನ್ನು ಮೊದಲೇ ಯಂತ್ರದ ಪಕ್ಕ ಸೊಂಟದೆತ್ತರಕ್ಕೆ ಒಟ್ಟಿಟ್ಟು, ಬೆಣೆಯ ಇಕ್ಕೆಲಗಳಲ್ಲಿ ಹೋಳು ನಿಲ್ಲಲು ಹಲಗೆ ಕಟ್ಟಿದ ಮೇಲೆ ಎರಡೂ ಯಂತ್ರಗಳ ಕೆಲಸ ಚುರುಕಾಯಿತು. ಆ ಹಲಗೆಯಿಂದ ಸಿಕ್ಕ ಲಾಭ ದೊಡ್ಡ ಎಂಜಿನ್ನಿನಿಂದ ಸಿಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಕವಲು ಮತ್ತು ಕೊರಡು

ಈಗ ಆ ಎರಡನೇ ಏಟು. ಕವಲಿನ ತುಂಡೊಂದನ್ನು ಫ್ಲೈವೀಲ್ ಯಂತ್ರಕ್ಕೆ ಇಟ್ಟೆವು. ಧಡ್ ಎಂದು ಸದ್ದು, ಬೆಣೆ ಎರಡು ಬೆರಳು ಒಳಗೆ ಹೋಗಿ ನಿಂತಿತು. ಚಕ್ರದ ವೇಗ ಪೂರ್ತಿ ಬಿತ್ತು. ಮೈದುನ ಲಿವರ್ ಬಿಟ್ಟು, ವೇಗ ಬರಲು ಕಾದು, ಮತ್ತೆ ಹೊಡೆದ. ಇನ್ನೊಂದು ಬೆರಳು. ನೆಟ್ಟಗಿನ ಮರದಲ್ಲಿ ಎರಡನೇ ಏಟು ಮೊದಲಿನದಕ್ಕೆ ಕೂಡಿಕೊಳ್ಳುತ್ತದೆ, ಅರ್ಧ ಹುಟ್ಟಿದ ಬಿರುಕನ್ನು ಪೂರ್ತಿ ಮಾಡುತ್ತದೆ. ಅಡ್ಡ ಎಳೆಯ ಮರದಲ್ಲಿ ಪ್ರತಿ ಏಟಿನ ಶಕ್ತಿಯೂ ಅಲ್ಲಲ್ಲೇ ಕರಗಿಹೋಗುತ್ತದೆ. ಅಷ್ಟರಲ್ಲಿ ದಿಮ್ಮಿ ಬೆಣೆಗೆ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಹೊಡೆದು ಬಿಡಿಸಬೇಕಾಯಿತು. ಯಾವ ಕೆಲಸ ಬೇಡವೆಂದು ಯಂತ್ರ ತಂದಿದ್ದರೋ ಅದೇ ಕೆಲಸ!

ದಾರಿಗಳಿಲ್ಲದೆ ಏನಿಲ್ಲ. ನಡುವೆ ಸೀಳುವ ಬದಲು ಅಂಚಿನಿಂದ ಹೋಳು ಹೋಳಾಗಿ ತೆಗೆಯಬಹುದು. ಕವಲಿನ ಕಡೆಯಿಂದ ಬೇಡ, ಬುಡದ ಕಡೆಯಿಂದ ಬೆಣೆ ಕೊಡಬಹುದು. ಎರಡೂ ಮಾಡಿದೆವು, ಕೆಲವು ತುಂಡು ಬಿಟ್ಟುಕೊಂಡವು. ಉಳಿದವನ್ನು ಚೈನ್ ಸಾ ಹಿಡಿದು ಉದ್ದಕ್ಕೆ ಕೊಯ್ಯಬೇಕಾಯಿತು. ಅದಕ್ಕೆ ಪೆಟ್ರೋಲ್, ಚೈನ್ ಅರ, ಸಮಯ ಎಲ್ಲ ಬೇರೆ.

ನನಗೆ ಚಿಂತೆಯಾಗಿದ್ದು ಗೇರಿನ ಬಗ್ಗೆ. ಮರ ಸೀಳದೆ ನಿಂತಾಗ ಆ ಪೆಟ್ಟನ್ನೆಲ್ಲ ತಿನ್ನುವುದು ರ‍್ಯಾಕ್ ಮತ್ತು ಪಿನಿಯನ್ನಿನ ಹಲ್ಲುಗಳು. ಬೆಲ್ಟು ಜಾರಿ ಸ್ವಲ್ಪ ಕಾಪಾಡುತ್ತದೆ. ಆದರೆ ಸೀಳಲಿಲ್ಲವೆಂದು ಲಿವರ್ ಒತ್ತಿ ಹಿಡಿದೇ ಇದ್ದರೆ ಬೆಲ್ಟು ಸುಡುತ್ತದೆ. ರಾಶಿಯ ಕಾಲು ಭಾಗ ಇಂಥದ್ದೇ ಇದ್ದರೆ ವರ್ಷಾನುಗಟ್ಟಲೆ ಆ ಹಲ್ಲುಗಳ ಗತಿ ಏನು?

ಅದೇ ತುಂಡುಗಳನ್ನು ಹೈಡ್ರಾಲಿಕ್ ಯಂತ್ರಕ್ಕೆ ಇಟ್ಟಾಗ ನೋಡಲು ಏನೂ ಮಜಾ ಇರಲಿಲ್ಲ. ಬೆಣೆ ತಾಗಿತು, ಎಂಜಿನ್ ಒಮ್ಮೆ ನರಳಿತು, ಪಂಪ್ ಎರಡನೇ ಹಂತಕ್ಕೆ ಇಳಿಯಿತು. ಆಮೇಲೆ ಬೆಣೆ ಸೆಕೆಂಡಿಗೆ 2 ಸೆಂಟಿಮೀಟರಿನಷ್ಟು ನಿಧಾನವಾಗಿ, ಎಳೆಗಳನ್ನು ಕಡಿದುಕೊಂಡು, ಕಿರ್ರೆನ್ನುತ್ತಾ ಹೋಯಿತು. ಹೋಳು ಚೆಂದ ಇರಲಿಲ್ಲ, ನಾರು ನಾರಾಗಿ ಹರಿದಿತ್ತು. ಒಲೆಗೆ ಚೆಂದ ಬೇಕಿಲ್ಲವಲ್ಲ. ಒಂದೆರಡು ಬುಡದ ಕೊರಡು ಅದಕ್ಕೂ ಬಗ್ಗಲಿಲ್ಲ. ಒತ್ತಡ ಮಿತಿ ಮುಟ್ಟಿದಾಗ ಆಯಿಲನ್ನು ಬೇರೆ ದಾರಿಗೆ ಬಿಡುವ ರಿಲೀಫ್ ವಾಲ್ವ್ ಕಿರುಚತೊಡಗಿತು. ಆ ಸದ್ದು ಬಂದರೆ ಲಿವರ್ ಬಿಟ್ಟುಬಿಡಬೇಕು. ಹಿಡಿದುಕೊಂಡರೆ ಎಂಜಿನ್ನಿನ ಶಕ್ತಿಯೆಲ್ಲ ಆಯಿಲ್ ಕಾಯಿಸುವುದಕ್ಕೇ ಹೋಗುತ್ತದೆ.

ಭಾರದ ದಿಮ್ಮಿಗಳ ವಿಷಯದಲ್ಲಿ ಭಾವನ ಸೊಂಟವೇ ತೀರ್ಪು ಕೊಟ್ಟಿತು. ಹೈಡ್ರಾಲಿಕ್ ಯಂತ್ರದ ತೊಲೆಯನ್ನು ನೆಟ್ಟಗೆ ನಿಲ್ಲಿಸಬಹುದಿತ್ತು. ಆಗ ಬೆಣೆ ಮೇಲಿನಿಂದ ಕೆಳಗೆ ಬರುತ್ತದೆ. ದಿಮ್ಮಿಯನ್ನು ಉರುಳಿಸಿಕೊಂಡು ಬಂದು ಪಾದದ ತಟ್ಟೆಯ ಮೇಲೆ ನಿಲ್ಲಿಸಿದರೆ ಸಾಕು, ಎತ್ತುವ ಮಾತೇ ಇಲ್ಲ. ಫ್ಲೈವೀಲ್ ಯಂತ್ರಗಳು ಸಾಮಾನ್ಯವಾಗಿ ಅಡ್ಡಕ್ಕೆ ಮಾತ್ರ ಕೆಲಸ ಮಾಡುತ್ತವೆ. 70 ಕಿಲೊದ ದಿಮ್ಮಿಯನ್ನು ಅದರ ಮೇಲೆ ಏರಿಸಲು ಇಬ್ಬರು ಬೇಕೇ ಬೇಕು.

ಕೈ ಎಲ್ಲಿರಬೇಕು

ಕೊಡಲಿಯ ದಿನಗಳಿಂದ ಇವರಿಗೆ ಒಂದು ರೂಢಿ ಇತ್ತು. ಒಬ್ಬ ದಿಮ್ಮಿ ಇಡುವುದು, ಇನ್ನೊಬ್ಬ ಹೊಡೆಯುವುದು. ಯಂತ್ರಕ್ಕೂ ಅದನ್ನೇ ತಂದರು. ಮೈದುನ ದಿಮ್ಮಿ ಹಿಡಿದಿರುತ್ತಾನೆ, ಭಾವ ಲಿವರ್ ಒತ್ತುತ್ತಾರೆ. ಇದನ್ನು ಮೊದಲ ಗಂಟೆಯಲ್ಲೇ ನಿಲ್ಲಿಸಿದೆ. ಯಾರ ಕೈ ದಿಮ್ಮಿಯ ಮೇಲಿದೆಯೋ ಅವರೇ ಲಿವರ್ ಒತ್ತಬೇಕು. ಇಬ್ಬರ ಕೈ ಸೇರಿದರೆ ಬೆರಳು ಹೋಗುತ್ತದೆ. ಯೂರೋಪಿನ ಇಎನ್ 609-1 ಎಂಬ ಸುರಕ್ಷತಾ ಮಾನದಂಡ ಬೆಣೆಯಿಂದ ಸೀಳುವ ಯಂತ್ರಗಳಿಗೆ ಸಂಬಂಧಿಸಿದ್ದು. ಅಲ್ಲಿನ ಯಂತ್ರಗಳಲ್ಲಿ ಎರಡು ಲಿವರ್ ಇಟ್ಟು ಎರಡೂ ಕೈಯಿಂದ ಒತ್ತಿದರೆ ಮಾತ್ರ ಓಡುವ ಹಾಗೆ ಮಾಡಿರುವುದು ಇದೇ ಕಾರಣಕ್ಕೆ. ಎರಡು ಕೈಯೂ ಲಿವರ್ ಮೇಲಿದ್ದರೆ ದಿಮ್ಮಿ ಹಿಡಿಯಲು ಕೈಯೇ ಉಳಿಯುವುದಿಲ್ಲ.

ಅಪಾಯ ಎರಡರಲ್ಲೂ ಇದೆ, ಬಗೆ ಬೇರೆ. ಹೈಡ್ರಾಲಿಕ್ ನಿಧಾನ, ಲಿವರ್ ಬಿಟ್ಟರೆ ನಿಲ್ಲುತ್ತದೆ. ಆದರೆ ನಿಲ್ಲಿಸುವವರೆಗೆ ಅಡ್ಡ ಏನಿದ್ದರೂ ಅದಕ್ಕೆ ಲೆಕ್ಕವಿಲ್ಲ. ಫ್ಲೈವೀಲ್ ಯಂತ್ರದಲ್ಲಿ ಏನೋ ಎಡವಟ್ಟಾಯಿತು ಎಂದು ತಿಳಿಯುವಷ್ಟರಲ್ಲಿ ಏಟು ಮುಗಿದಿರುತ್ತದೆ. ತುದಿ ಓರೆಯಾಗಿ ಕೊಯ್ದ ದಿಮ್ಮಿಯಾದರೆ ಪಕ್ಕಕ್ಕೆ ಚಿಮ್ಮುತ್ತದೆ. ಹಾಗಾಗಿ ದಿಮ್ಮಿ ಕೊಯ್ಯುವಾಗಲೇ ತುದಿ ನೇರವಾಗಿರಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಚಕ್ರಗಳು ಬಹಳ ಹೊತ್ತು ತಿರುಗುತ್ತಿರುತ್ತವೆ, ಅವು ಪೂರ್ತಿ ನಿಲ್ಲುವ ತನಕ ಕೈ ಹಾಕುವಂತಿಲ್ಲ. ಹೈಡ್ರಾಲಿಕ್ಕಿನಲ್ಲಿ ಇನ್ನೊಂದು ಕಾಣದ ಅಪಾಯ ಆಯಿಲ್ ಓಡುವ ಕೊಳವೆಯ, ಅಂದರೆ ಹೋಸ್‌ನದು. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಹೊರಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ ಕಂಡರೂ ಅದು ತುರ್ತು ಆಪರೇಷನ್ ಬೇಕಾಗುವಂಥದ್ದು. ಸೋರಿಕೆ ಎಲ್ಲಿದೆ ಎಂದು ಬರಿಗೈ ಸವರಿ ಹುಡುಕಬೇಡಿ. ರಟ್ಟಿನ ತುಂಡು ಹಿಡಿದು ನೋಡಿ. ಹೋಸ್ ಬಿಚ್ಚುವ ಮುನ್ನ ಎಂಜಿನ್ ನಿಲ್ಲಿಸಿ, ಲಿವರನ್ನು ಎರಡೂ ಕಡೆ ಆಡಿಸಿ ಒತ್ತಡ ಇಳಿಸಿ.

ತೀರ್ಮಾನ

ಕೊನೆಗೆ ಕೊಂಡಿದ್ದು ಹೈಡ್ರಾಲಿಕ್. ಬಲ ಜಾಸ್ತಿ ಎಂಬುದು ಅದಕ್ಕೆ ಒಂದು ಕಾರಣ ಮಾತ್ರ. ಇವರಿಗೆ ಬರುವ ಮರ ಇವರ ಕೈಯಲ್ಲಿಲ್ಲ. ಯಾರಾದರೂ ಬಿದ್ದ ಮರ ಕೊಟ್ಟರೆ ಕೊಂಬೆ, ಕವಲು, ಬುಡ ಎಲ್ಲ ಸೇರಿಯೇ ಬರುತ್ತದೆ. ನೆಟ್ಟಗಿನದಷ್ಟೇ ಕೊಡಿ ಎಂದು ಆರಿಸಲು ಆಗುವುದಿಲ್ಲ. ಫ್ಲೈವೀಲ್ ಯಂತ್ರ ಮುಕ್ಕಾಲು ರಾಶಿಯಲ್ಲಿ ಉಳಿಸಿದ ಸಮಯವನ್ನು ಕಾಲು ರಾಶಿ ನುಂಗಿಬಿಡುತ್ತಿತ್ತು. ಮೈದುನ ಬಾರದ ದಿನ ಭಾವ ಒಬ್ಬರೇ ಕೆಲಸ ಮಾಡಬೇಕಾಗುತ್ತದೆ ಎಂಬುದೂ ಇತ್ತು. ಮೈದುನ ಸುಲಭವಾಗಿ ಒಪ್ಪಲಿಲ್ಲ. ನಾಲ್ಕೈದು ಸೆಕೆಂಡಿಗೆ ಬೆಣೆ ಹೋಗಿ ಬರುವುದನ್ನು ತಾನೇ ಲಿವರ್ ಹಿಡಿದು ಮಾಡಿ ನೋಡಿದ ಮೇಲೆ ಸುಮ್ಮನಾದ.

ಅಂಗಡಿಯಲ್ಲಿ ಇನ್ನೊಂದು ಒತ್ತಾಯ ಬಂತು: 125 ಮಿಲಿಮೀಟರ್ ಸಿಲಿಂಡರಿನ ದೊಡ್ಡ ಯಂತ್ರ ತೆಗೆದುಕೊಳ್ಳಿ, 26 ಟನ್. ಲೆಕ್ಕ ನಿಜವೇ. ಅದೇ 210 ಬಾರ್ ಒತ್ತಡದಲ್ಲಿ ಅಷ್ಟು ಬಲ ಬರುತ್ತದೆ. ಆದರೆ ಅದರ ಪಂಪ್ ಅದೇ 40 ಲೀಟರಿನದು. ಸಿಲಿಂಡರ್ ದಪ್ಪವಾದಷ್ಟೂ ತುಂಬಲು ಆಯಿಲ್ ಜಾಸ್ತಿ ಬೇಕು. 7 ಸೆಕೆಂಡಿನ ಓಟ 11 ಸೆಕೆಂಡು ಆಗುತ್ತಿತ್ತು. ಒಂದೆರಡು ಕೊರಡುಗಳಿಗಾಗಿ ಪ್ರತಿ ದಿಮ್ಮಿಗೂ ಒಂದೂವರೆ ಪಟ್ಟು ಸಮಯ ಕೊಡುವುದು ನಷ್ಟದ ವ್ಯಾಪಾರ. ಬಗ್ಗದ ಕೊರಡಿಗೆ ಚೈನ್ ಸಾ ಇದ್ದೇ ಇದೆ. 100 ಮಿಲಿಮೀಟರಿನದೇ ತಂದರು. ದೊಡ್ಡ ಸಿಲಿಂಡರ್ ಬೇಕೇ ಬೇಕು ಅನ್ನುವವರು ಪಂಪ್ ಮತ್ತು ಎಂಜಿನ್ ಕೂಡ ಅದಕ್ಕೆ ತಕ್ಕಂತೆ ದೊಡ್ಡದಿದೆಯೇ ಎಂದು ನೋಡಬೇಕು.

ಇದೇ ಪ್ರಕರಣ ಬೇರೆ ರಾಶಿಯ ಮೇಲೆ ನಡೆದಿದ್ದರೆ ನಾನು ಫ್ಲೈವೀಲ್ ಯಂತ್ರವನ್ನೇ ಹೇಳುತ್ತಿದ್ದೆ. ನೆಡುತೋಪಿನಿಂದ ಒಂದೇ ದಪ್ಪದ, ನೆಟ್ಟಗಿನ, ಗಂಟಿಲ್ಲದ ಮರ ಸದಾ ಬರುವವರಿಗೆ ಅದು ಹೇಳಿ ಮಾಡಿಸಿದ್ದು. ಶೆಡ್ಡಿನೊಳಗೆ ಕರೆಂಟಿನಲ್ಲಿ ಓಡಿಸಬೇಕು ಎನ್ನುವವರಿಗೂ ಅಷ್ಟೇ. ಮೋಟರ್ ಏಟಿನ ಬಲ ಕೊಡಬೇಕಿಲ್ಲ, ಏಟು ಏಟಿನ ನಡುವೆ ಚಕ್ರಕ್ಕೆ ವೇಗ ತುಂಬಿಕೊಟ್ಟರೆ ಸಾಕು. ಹಾಗಾಗಿ ಎರಡು ಕಿಲೊವ್ಯಾಟಿನ ಒಳಗಿನ ಮೋಟರಿನಲ್ಲೂ ಚೆನ್ನಾಗಿ ನಡೆಯುತ್ತದೆ. ಅಷ್ಟೇ ಮೋಟರ್ ಇರುವ ಹೈಡ್ರಾಲಿಕ್ ಯಂತ್ರ ಒಂದೋ ಬಲದಲ್ಲಿ ಸೋಲುತ್ತದೆ, ಇಲ್ಲವೇ ವೇಗದಲ್ಲಿ. ತುಂಬಾ ಚಳಿಯ ಜಾಗದಲ್ಲಿ ಹೈಡ್ರಾಲಿಕ್ ಆಯಿಲ್ ಗಟ್ಟಿಯಾಗಿ ಬೆಳಗ್ಗೆ ಎಂಜಿನ್ ಎಳೆಯುವುದೇ ಕಷ್ಟ. ಆ ತೊಂದರೆಯೂ ಫ್ಲೈವೀಲಿಗೆ ಇಲ್ಲ.

ಆಮೇಲೆ

ಯಂತ್ರ ಬಂದ ಮೇಲೆ ಬದಲಾಗಿದ್ದು ಹೆಚ್ಚಾಗಿ ಕೆಲಸದ ಕ್ರಮ. ಮರ ಬಂದ ತಕ್ಷಣ ಎರಡು ರಾಶಿ ಮಾಡುತ್ತಾರೆ. ನೆಟ್ಟಗಿನದನ್ನು ಹಸಿ ಇರುವಾಗಲೇ ಅಡ್ಡ ತೊಲೆಯ ಮೇಲೆ ಮುಗಿಸುತ್ತಾರೆ. ಕವಲು, ಬುಡ, ಭಾರದ್ದೆಲ್ಲ ಬೇರೆ ಇಟ್ಟು, ಒಂದು ದಿನ ತೊಲೆ ನೆಟ್ಟಗೆ ಮಾಡಿಕೊಂಡು ಒಟ್ಟಿಗೇ ಸೀಳುತ್ತಾರೆ. ಹೋಳಿನ ಗಾತ್ರವನ್ನೂ ಸಣ್ಣ ಮಾಡಿದರು. ತೊಗಟೆಯ ಮೂಲಕ ನೀರು ಆರುವುದು ಕಡಿಮೆ, ಸೀಳಿದ ಮುಖ ಮತ್ತು ತುದಿಗಳ ಮೂಲಕವೇ ಹೆಚ್ಚು. ತೇವ 20 ಶೇಕಡಾಕ್ಕಿಂತ ಕೆಳಗೆ ಇಳಿಯದ ಸೌದೆ ಮಾರಿದರೆ ಕೊಂಡವರು ಹೊಗೆ ಕುಡಿಯಬೇಕಾಗುತ್ತದೆ. ಒಂದು ಕಿಲೊ ನೀರು ಆವಿ ಮಾಡಲು 2.26 ಮೆಗಾಜೂಲ್ ಶಾಖ ವ್ಯರ್ಥ.

ನಿರ್ವಹಣೆ ದೊಡ್ಡದೇನಲ್ಲ. ಆಯಿಲ್ ಮಟ್ಟ ನೋಡುವುದು ಮುಖ್ಯ. ಕಡಿಮೆಯಾದರೆ ಪಂಪ್ ಗಾಳಿ ಎಳೆದುಕೊಂಡು ಆಯಿಲ್ ಹಾಲಿನಂತೆ ಬೆಳ್ಳಗೆ ನೊರೆಯಾಗುತ್ತದೆ, ಪಂಪ್ ಕೂಗುತ್ತದೆ. ಒಮ್ಮೆ ಒಂದು ಹೋಸ್ ತೊಲೆಯ ಅಂಚಿಗೆ ಉಜ್ಜಿ ಒಳಗಿನ ತಂತಿ ಕಾಣತೊಡಗಿತು. ತಕ್ಷಣ ಬದಲಿಸಿ, ಉಜ್ಜುವ ಜಾಗಕ್ಕೆ ಹಳೆಯ ರಬ್ಬರ್ ಸುತ್ತಿದರು. ಫಿಲ್ಟರ್ ಮತ್ತು ಆಯಿಲ್ ಬದಲಿಸುವುದು ಯಂತ್ರದ ಪುಸ್ತಕದಲ್ಲಿ ಹೇಳಿದ ಗಂಟೆಗಳಿಗೆ.

ಮೈದುನ ಆಮೇಲೆ ನಾಲ್ಕು ಬಾಯಿಯ ಬೆಣೆಯೊಂದನ್ನು ಕೊಂಡು ತಂದ. ಒಂದೇ ಓಟಕ್ಕೆ ನಾಲ್ಕು ಹೋಳು ಮಾಡುವಂಥದ್ದು. "ಈಗ ನೋಡಿ ಭಾವ, ಫ್ಲೈವೀಲಿಗಿಂತ ಜೋರು" ಎಂದ. ಒಂದೇ ಸಲಕ್ಕೆ ಎರಡು ಬಿರುಕು ಹುಟ್ಟಿಸಬೇಕಾದ್ದರಿಂದ ಬಲವೂ ಅಷ್ಟು ಜಾಸ್ತಿ ಬೇಕು. ದಪ್ಪ ದಿಮ್ಮಿಗೆ ಪಂಪ್ ಎರಡನೇ ಹಂತಕ್ಕೆ ಇಳಿದು, ಉಳಿಸಿದ ಸಮಯವೆಲ್ಲ ಅಲ್ಲೇ ಹೋಯಿತು. 25 ಸೆಂಟಿಮೀಟರಿನ ಒಳಗಿನ ನೆಟ್ಟಗಿನ ದಿಮ್ಮಿಗಳಿಗೆ ಮಾತ್ರ ಸರಿಯಾಗಿ ಹೊಂದಿತು. ಅಂಥವೇ ಒಂದು ಲೋಡು ಬಂದ ದಿನ ಅದನ್ನು ಹಾಕುತ್ತಾರೆ, ಉಳಿದ ದಿನ ಬಿಚ್ಚಿಡುತ್ತಾರೆ.